ಗರ್ಭಿಣಿಯರಲ್ಲಿ ಸುಳಿವು ಕೊಡದ ಮೂತ್ರಸೋಂಕು

ಮೂತ್ರ ಉರಿದರೆ ‘ಉಷ್ಣವಾಗಿದೆ’ ಎಂದು ಕೊತ್ತಂಬರಿ ಬೀಜದ ಕಷಾಯ, ಎಳನೀರು, ಬಾರ್ಲಿ ಗಂಜಿ ಕೊಡುವುದು ನಮ್ಮ ಮನೆಗಳಲ್ಲಿ ವಾಡಿಕೆ. ಆದರೆ ಉರಿಯಾಗಲಿ ಜ್ವರವಾಗಲಿ ಇಲ್ಲದೆಯೂ ಗರ್ಭಿಣಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಿರುವುದುಂಟು. ನೂರು ಗರ್ಭಿಣಿಯರಲ್ಲಿ ಸುಮಾರು 2ರಿಂದ 10 ಮಂದಿಯಲ್ಲಿ ಈ ಸ್ಥಿತಿಯಿರುತ್ತದೆ. ಇವುಗಳಲ್ಲಿ ಹೆಚ್ಚಿನವು ಕರುಳಿನಲ್ಲಿ ಸಹಜವಾಗಿ ವಾಸಿಸುವ ಇ. ಕೋಲಿ ಎಂಬ ಜಾತಿಯವು.

ಆರೋಗ್ಯವಂತ ಇತರ ಸ್ತ್ರೀಯರಲ್ಲಿ ಇದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. ಗರ್ಭಿಣಿಯ ಮಾತು ಬೇರೆ. ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲಗೊಳ್ಳುತ್ತವೆ. ಬೆಳೆಯುವ ಗರ್ಭಾಶಯವು ಅವುಗಳನ್ನು, ವಿಶೇಷವಾಗಿ ಬಲಭಾಗದ್ದನ್ನು, ಒತ್ತುತ್ತದೆ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ವೃದ್ಧಿಸಿ ಮೂತ್ರಪಿಂಡಕ್ಕೆ ಏರಿದರೆ ಚಳಿಜ್ವರ, ಪಕ್ಕೆನೋವು, ವಾಂತಿ ತೋರುತ್ತವೆ. ಆಗ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅವಧಿಗೆ ಮುನ್ನ ಹೆರಿಗೆಯಾಗುವ, ಶಿಶುವಿನ ತೂಕ ಕಡಿಮೆಯಾಗುವ ಅಪಾಯವೂ ಇದೆ.

ಸಕ್ಕರೆ, ಪ್ರೋಟೀನ್ ನೋಡುವ ಸಾಮಾನ್ಯ ಮೂತ್ರಪರೀಕ್ಷೆಯಿಂದ ಇದು ತಿಳಿಯದು. ಕಲ್ಚರ್ ಪರೀಕ್ಷೆಯೇ ಬೇಕು. ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಒಂದೇ ಜಾತಿಯ ಬ್ಯಾಕ್ಟೀರಿಯಾ ಬೆಳೆದರೆ ಸೋಂಕೆಂದು ಎಣಿಸುತ್ತಾರೆ. ಮಾದರಿ ಕೊಡುವ ಕ್ರಮದಲ್ಲೇ ಹೆಚ್ಚು ಎಡವಟ್ಟಾಗುತ್ತದೆ. ಮನೆಯ ಟಾನಿಕ್ ಸೀಸೆಯನ್ನು ತೊಳೆದು ತರುವವರನ್ನು ಈಗಲೂ ಕಾಣುತ್ತೇನೆ! ಲ್ಯಾಬಿನವರು ಕೊಟ್ಟ ಡಬ್ಬಿಯನ್ನೇ ಬಳಸಬೇಕು. ಶುದ್ಧ ನೀರಿನಿಂದ ತೊಳೆದುಕೊಂಡು, ಮೊದಲ ಮೂತ್ರವನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. ಎರಡು ಗಂಟೆಯೊಳಗೆ ತಲುಪಿಸಬೇಕು. ಯಾವುದೇ ಆ್ಯಂಟಿಬಯೋಟಿಕ್ ಸೇವನೆಗೆ ಮುನ್ನವೇ ಇದು ನಡೆಯಬೇಕು.

ಬೆಳೆದ ಬ್ಯಾಕ್ಟೀರಿಯಾದ ತಟ್ಟೆಯ ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವರ್ತುಲವು ಸಾಕಷ್ಟು ಅಗಲವಿದ್ದರೆ ಆ ಔಷಧಿ ಫಲಕಾರಿ. ವರದಿಯಲ್ಲಿ ‘ಎಸ್’ ಎಂದಿರುತ್ತದೆ. ‘ಆರ್’ ಎಂದಿದ್ದರೆ ಆ ಔಷಧಿಯನ್ನು ಅದು ಜಯಿಸಿದೆ. ನಮ್ಮ ದೇಶದ ಇ. ಕೋಲಿಗಳಲ್ಲಿ ಆ್ಯಂಪಿಸಿಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳಿಗೆ ಮಣಿಯದವು ಇಂದು ಬಹಳ. ಊಹೆಯಿಂದ ಮಾತ್ರೆ ನುಂಗಿದರೆ ದಿನಗಳು ವ್ಯರ್ಥವಾಗುತ್ತವೆ.

ವರದಿಯಲ್ಲಿ ‘ಎಸ್’ ಎಂದಿರುವುದೆಲ್ಲ ಗರ್ಭಿಣಿಗೆ ಸಲ್ಲುವುದೂ ಇಲ್ಲ. ಟೆಟ್ರಾಸೈಕ್ಲಿನ್ ಶಿಶುವಿನ ಹಲ್ಲು, ಎಲುಬುಗಳಿಗೆ ಹಾನಿಕರ. ಟ್ರೈಮೆಥೊಪ್ರಿಮ್ ಫೋಲಿಕ್ ಆಮ್ಲಕ್ಕೆ ವಿರೋಧಿಯಾದ್ದರಿಂದ ಮೊದಲ ತಿಂಗಳುಗಳಲ್ಲಿ ಬೇಡ. ನೈಟ್ರೊಫ್ಯುರಾಂಟಾಯಿನ್ ಉಪಯುಕ್ತವಾದರೂ ಹೆರಿಗೆಯ ಸಮೀಪದಲ್ಲಿ ವರ್ಜ್ಯ. ಆದ್ದರಿಂದ ವರದಿಯನ್ನು ಔಷಧಿ ಅಂಗಡಿಗೆ ಒಯ್ಯದೆ ಪ್ರಸೂತಿ ವೈದ್ಯರಿಗೆ ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಿಫಾರಸು ಏಳು ದಿನಗಳ ಚಿಕಿತ್ಸೆ.

ಆರನೆಯ ಮಾಸದಲ್ಲಿ ಗೋಕ್ಷುರದಿಂದ, ಅಂದರೆ ನೆಗ್ಗಿಲಮುಳ್ಳಿನಿಂದ, ಸಿದ್ಧಪಡಿಸಿದ ತುಪ್ಪವನ್ನಾಗಲಿ ಗಂಜಿಯನ್ನಾಗಲಿ ಸುಶ್ರುತರು ಗರ್ಭಿಣಿಗೆ ವಿಧಿಸಿದ್ದಾರೆ. ಮೂತ್ರವಹ ಸ್ರೋತಸ್ಸಿನ ಬಗೆಗಿನ ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ಕಲ್ಚರಿನಲ್ಲಿ ಸೋಂಕು ದೃಢಪಟ್ಟ ಮೇಲೆ ಕಷಾಯವೊಂದನ್ನೇ ನೆಚ್ಚಿ ಕೂರುವುದನ್ನು ಆಯುರ್ವೇದ ವೈದ್ಯನಾಗಿಯೇ ನಾನು ಒಪ್ಪಲಾರೆ.

ಚಿಕಿತ್ಸೆ ಮುಗಿದು ಒಂದು ವಾರದ ಬಳಿಕ ಮತ್ತೊಮ್ಮೆ ಕಲ್ಚರ್ ಮಾಡಿಸುವುದು ಲೇಸು. ವರದಿಯಲ್ಲಿ ‘ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್’ ಎಂದಿದ್ದರೆ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಹೆರಿಗೆಯ ದಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅದು ನವಜಾತ ಶಿಶುವಿಗೆ ತಗಲದಂತೆ ಹೆರಿಗೆ ನೋವಿನ ವೇಳೆಯಲ್ಲಿಯೇ ತಾಯಿಗೆ ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕಾಗುತ್ತದೆ.