ಹಿಂದಕ್ಕೆ ತಿರುಗಿ ಏರು ಹತ್ತುವ ಕಾರು

ಯಾವುದಾದರೂ ಕಾರು ರಿವರ್ಸಿನಲ್ಲಿ ಘಾಟಿ ಹತ್ತುವುದನ್ನು ಕಂಡರೆ ನಾವು ನಗುತ್ತೇವೆ. ಡ್ರೈವರನಿಗೆ ತಲೆ ಕೆಟ್ಟಿದೆ ಅಂತೀವಿ. ಆದರೆ ನೂರು ವರ್ಷದ ಹಿಂದೆ ಜಾಣ ಡ್ರೈವರುಗಳೇ ಹಾಗೆ ಹತ್ತಿಸುತ್ತಿದ್ದರು. ಯಾಕೆ ಅಂತ ತಿಳಿಯೋಣ.

ಆಗಿನ ಕಾಲದಲ್ಲಿ ಟೂರಿಂಗ್ ಕಾರು ಎಂಬ ಜಾತಿ ಇತ್ತು. ಮಡಚುವ ಬಟ್ಟೆಯ ಹುಡ್, ಪಕ್ಕದಲ್ಲಿ ಗಾಜಿಲ್ಲ, ಐದು ಜನ ಕೂಡುವ ತೆರೆದ ಗಾಡಿ. ಅದರಲ್ಲಿ ಹೆಸರಾದದ್ದು ಅಮೆರಿಕದ ಫೋರ್ಡ್ ಕಂಪನಿಯ ಮಾಡೆಲ್ ಟಿ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಕಾರು ತಯಾರಾದವು. ಒಂದೂವರೆ ಕೋಟಿ ತುಂಬಿಸಿದ 1927ರ ಟೂರಿಂಗ್ ಕಾರನ್ನು ಡಿಯರ್‌ಬಾರ್ನ್ ಊರಿನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಕಾಪಾಡಿದ್ದಾರೆ. ನಮ್ಮ ರಾಜ್ಯದಲ್ಲೂ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಮ್ಯೂಸಿಯಂನಲ್ಲಿ ನೋಡಬಹುದು.

ಈಗ ಕಾರಣಕ್ಕೆ ಬರೋಣ. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಎಳೆಯುವ ಪಂಪ್ ಇರಲಿಲ್ಲ. ಟ್ಯಾಂಕು ಮುಂದಿನ ಸೀಟಿನ ಕೆಳಗೆ. ಮೇಲಿನ ಟಾಕಿಯಿಂದ ನಲ್ಲಿಗೆ ನೀರು ಬರುವ ಹಾಗೆ ಪೆಟ್ರೋಲ್ ತಾನಾಗಿ ಎಂಜಿನ್ನಿಗೆ ಇಳಿಯುತ್ತಿತ್ತು. ಏರು ಹತ್ತುವಾಗ ಮುಂದಿನ ಎಂಜಿನ್ ಮೇಲಾಗುತ್ತದೆ, ಟ್ಯಾಂಕು ಕೆಳಗಾಗುತ್ತದೆ. ಪೆಟ್ರೋಲ್ ಕಡಿಮೆ ಇದ್ದರೆ ಹರಿಯುವುದೇ ಇಲ್ಲ, ಗಾಡಿ ನಿಂತುಬಿಡುತ್ತದೆ. ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿದರೆ ಟ್ಯಾಂಕು ಮತ್ತೆ ಮೇಲೆ! ರಿವರ್ಸ್ ಗೇರಿಗೆ ಎಳೆಯುವ ಬಲವೂ ಹೆಚ್ಚಿತ್ತು. 1926ರ ಮಾದರಿಯ ಟೂರಿಂಗ್ ಕಾರಿನಲ್ಲಿ ಟ್ಯಾಂಕನ್ನು ಮುಂದಿನ ಗಾಜಿನ ಕೆಳಗೆ ಎತ್ತರಕ್ಕೆ ತಂದ ಮೇಲೆ ಈ ತೊಂದರೆ ಕಡಿಮೆಯಾಯಿತು.

ಬೇಕಾದರೆ ಮಾಡಿ ನೋಡಿ. ಬಾಟಲಿಯ ತಳಕ್ಕೆ ತೂತು ಮಾಡಿ ಸಣ್ಣ ಪೈಪು ಸಿಕ್ಕಿಸಿ, ಅರ್ಧ ನೀರು ಹಾಕಿ. ಪೈಪಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆತ್ತಿದರೆ ನೀರು ನಿಲ್ಲುತ್ತದೆ.

ಇನ್ನೊಂದು ವಿಷಯ. ಮೊದಲಿನ ಮಾಡೆಲ್ ಟಿಗೆ ಸ್ಟಾರ್ಟರ್ ಇರಲಿಲ್ಲ, ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಕಿಡಿ ಬೇಗ ಹಾರಿದರೆ ಎಂಜಿನ್ ಉಲ್ಟಾ ತಿರುಗಿ ಹ್ಯಾಂಡಲ್ ಒದೆಯುತ್ತಿತ್ತು. ಎಷ್ಟೋ ಜನರ ಕೈ ಮುರಿದಿದೆ. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕಿತ್ತು. ಗದ್ದೆಯ ಡೀಸೆಲ್ ಪಂಪಿಗೆ ಹ್ಯಾಂಡಲ್ ಹೊಡೆಯುವಾಗ ನಮ್ಮ ಅಜ್ಜ ಹಿಡಿಯುವುದೂ ಹಾಗೇ. ಕೇಳಿದರೆ, “ಹೆಬ್ಬೆರಳು ಬೇಕಂದ್ರೆ ಹಿಂಗ ಹಿಡಿ” ಅಂದರು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂತು. ಆಮೇಲೆ ಹ್ಯಾಂಡಲ್ ಮೆಲ್ಲಗೆ ಮರೆಯಾಯಿತು.

ಮ್ಯೂಸಿಯಂನಲ್ಲಿ ಕಾರು ಉಳಿಯುತ್ತದೆ. ಆದರೆ ಅದನ್ನು ಹೇಗೆ ನಡೆಸುತ್ತಿದ್ದರು ಎಂಬುದನ್ನು ಯಾರಾದರೂ ಹೇಳಿದರೆ ಮಾತ್ರ ಉಳಿಯುತ್ತದೆ. ನಮ್ಮೂರಿನ ಹಳೇ ಪಂಪು, ಗಾಣ, ಹೊಲಿಗೆ ಯಂತ್ರ ಗುಜರಿಗೆ ಹೋಗುವ ಮೊದಲು, ನಡೆಸಿದವರನ್ನು ಕೇಳಿ ಬರೆದಿಡೋಣ. ಬರೆದವರು ಈ ಗೋಡೆಗೆ ತಂದು ಅಂಟಿಸಿ.