ಎಚ್ಚರಿಸುವ ಗಂಟೆ

ಮಕ್ಕಳೇ, ಅಕ್ಕಲಕೋಟ ರೋಡ್ ನಿಲ್ದಾಣದಲ್ಲಿ ನಿಲ್ಲದೆ ಓಡುವ ರಾತ್ರಿಯ ರೈಲುಗಾಡಿಗಳನ್ನು ನೀವು ನೋಡಿರಬಹುದು. ಚಾಲಕರಿಗೆ ತೂಕಡಿಕೆ ಬಂದರೆ ಗತಿಯೇನು? ಅದಕ್ಕಾಗಿ ಎಂಜಿನ್ನಿನಲ್ಲಿ ಎಚ್ಚರಿಕೆಯ ಯಂತ್ರವಿರುತ್ತದೆ. ಕಣ್ಣು ಮುಚ್ಚಿದ್ದು ಅದಕ್ಕೆ ಕಾಣದು. ಅದು ಕೈಯನ್ನಷ್ಟೇ ಕಾಯುತ್ತದೆ. ಸುಮಾರು 60 ಸೆಕೆಂಡು ಯಾವ ಹಿಡಿಕೆಯನ್ನೂ ಗುಂಡಿಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಬಳಿಕ ಸದ್ದು ಮಾಡುತ್ತದೆ. ಆಗಲೂ ಕೈಯಾಡದಿದ್ದರೆ ಬ್ರೇಕು ತಾನಾಗಿ ಬಿದ್ದು ಗಾಡಿ ನಿಲ್ಲುತ್ತದೆ.

ಹಡಗನ್ನು ಹೀಗೆ ನಿಲ್ಲಿಸಲಾಗದು. ಎಂಜಿನ್ ನಿಂತರೂ ಅದು ಬಹುದೂರ ಸಾಗುತ್ತದೆ. ಆದ್ದರಿಂದ ಅಲ್ಲಿಯ ಯಂತ್ರ ಮನುಷ್ಯರನ್ನೇ ಎಬ್ಬಿಸುತ್ತದೆ. 2011ರ ಜುಲೈಯಿಂದ ಕಟ್ಟಿದ ದೊಡ್ಡ ಹಡಗುಗಳಲ್ಲಿ ಇದು ಕಡ್ಡಾಯ. ಪಹರೆಯ ಅಧಿಕಾರಿ 3ರಿಂದ 12 ನಿಮಿಷಗಳೊಳಗೆ ಗೊತ್ತುಮಾಡಿದ ಅವಧಿಗೊಮ್ಮೆ ಗುಂಡಿ ಒತ್ತಬೇಕು. ಮರೆತರೆ ದೀಪ ಮಿನುಗುತ್ತದೆ. 15 ಸೆಕೆಂಡಿನ ಮೇಲೆ ಅಲ್ಲೇ ಗಂಟೆ. ಮತ್ತೆ 15 ಸೆಕೆಂಡಿಗೆ, ಮಲಗಿರುವ ಕಪ್ತಾನರ ಇಲ್ಲವೆ ಬದಲಿ ಅಧಿಕಾರಿಯ ಕೋಣೆಯಲ್ಲಿ ಗಂಟೆ!