ಜೀವಕೋಶದಲ್ಲಿ ಲೋಹದ ಲೆಕ್ಕ

ಲೋಹವೆಂದೊಡನೆ ನಮ್ಮ ನೆನಪಿಗೆ ಬರುವುದು ಪಾತ್ರೆ-ಪಡಗ, ಒಡವೆ-ವಸ್ತು. ಆದರೆ ನಮ್ಮ ದೇಹವೂ ಲೋಹಗಳ ಭಂಡಾರವೇ ಆಗಿದೆ. ರಕ್ತದಲ್ಲಿ ಕಬ್ಬಿಣ, ಕಿಣ್ವಗಳಲ್ಲಿ ಸತು ಮತ್ತು ತಾಮ್ರ, ಎಲುಬಿನಲ್ಲಿ ಕ್ಯಾಲ್ಸಿಯಂ ಇವೆ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಎಲುಬು-ಹಲ್ಲುಗಳಲ್ಲಿ ಠೇವಣಿಯಾಗಿದೆ. ಉಳಿದ ಅಲ್ಪಾಂಶವೇ ಹೃದಯದ ಬಡಿತವನ್ನೂ ನರಗಳ ಸಂದೇಶವನ್ನೂ ನಡೆಸುವ ಚಾಲ್ತಿ ಹಣ.

ಈ ಚಾಲ್ತಿ ವ್ಯವಹಾರವನ್ನು ಅರಿಯುವುದು ಸುಲಭವಲ್ಲ. ವಿಶ್ರಾಂತ ಸ್ಥಿತಿಯ ಜೀವಕೋಶದೊಳಗಿನ ಸ್ವತಂತ್ರ ಕ್ಯಾಲ್ಸಿಯಂ, ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಸಂಕೇತ ಬಂದೊಡನೆ ಅದು ಕ್ಷಣಾರ್ಧದಲ್ಲಿ ಏರಿ ಮತ್ತೆ ಇಳಿಯುತ್ತದೆ. ಕೋಶವನ್ನು ಒಡೆದು ಅಳೆದರೆ ಒಟ್ಟು ಮೊತ್ತ ದೊರೆತೀತು; ಏರಿಳಿತ ಕಾಣದು.

ಈ ತೊಡಕನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಅಮೆರಿಕೆಯ ವಿಜ್ಞಾನಿ ರೋಜರ್ ಚೆನ್. 1980ರಲ್ಲಿ ಅವರು ಕ್ಯಾಲ್ಸಿಯಂ ಅನ್ನೇ ಆರಿಸಿ ಹಿಡಿಯುವ 'ಬಾಪ್ಟಾ' ಎಂಬ ಸಂಯುಕ್ತವನ್ನು ಪ್ರಕಟಿಸಿದರು. 1985ರಲ್ಲಿ ಸಹೋದ್ಯೋಗಿಗಳೊಡನೆ 'ಫ್ಯೂರಾ-2' ಎಂಬ ಪ್ರತಿದೀಪ್ತ ಸೂಚಕವನ್ನು ಹೊರತಂದರು. ಇದರ ಅಣುವಿನಲ್ಲಿ ಎರಡು ಭಾಗಗಳಿವೆ: ಒಂದು ಲೋಹವನ್ನು ಹಿಡಿಯುವ ಇಕ್ಕಳ, ಇನ್ನೊಂದು ಬೆಳಗುವ ದೀಪ.

ವಿದ್ಯುದಾವೇಶವುಳ್ಳ ಈ ಅಣು ಕೋಶದ ಪೊರೆಯನ್ನು ದಾಟಲಾರದು. ಆದ್ದರಿಂದ ಆವೇಶವನ್ನು ಮರೆಮಾಡುವ ಎಸ್ಟರ್ ಹೊದಿಕೆ ತೊಡಿಸಿ ಒಳಕ್ಕೆ ಕಳುಹಿಸುತ್ತಾರೆ. ಒಳಗಿನ ಕಿಣ್ವಗಳು ಹೊದಿಕೆಯನ್ನು ಕಳಚುತ್ತವೆ; ಅಣು ಅಲ್ಲಿಯೇ ಸೆರೆಯಾಗುತ್ತದೆ. ಬಳಿಕ 340 ಮತ್ತು 380 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಿರಣಗಳನ್ನು ಸರದಿಯಂತೆ ಹಾಯಿಸುತ್ತಾರೆ. ಕ್ಯಾಲ್ಸಿಯಂ ಹೆಚ್ಚಿದಂತೆ ಮೊದಲನೆಯದರಿಂದ ಬರುವ ಹೊಳಪು ಏರುತ್ತದೆ, ಎರಡನೆಯದರಿಂದ ಬರುವುದು ಇಳಿಯುತ್ತದೆ. ಇವೆರಡರ ಅನುಪಾತವೇ ಅಳತೆ. ಕೋಶದೊಳಕ್ಕೆ ಬಣ್ಣ ಎಷ್ಟು ಸೇರಿತೆಂಬ ವ್ಯತ್ಯಾಸ ಇದರಿಂದ ಬಹುಮಟ್ಟಿಗೆ ಹೊಡೆದುಹೋಗುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಅನುಪಾತದ ಬೆಲೆಯನ್ನು ಹೇಳಬೇಕಾಗಿಲ್ಲ.

ದೋಷಗಳೂ ಉಂಟು. ಬಣ್ಣ ಅತಿಯಾದರೆ ಅದೇ ಕ್ಯಾಲ್ಸಿಯಂ ಅನ್ನು ಹೀರಿ ನಿಜವಾದ ಏರಿಳಿತವನ್ನು ಕುಗ್ಗಿಸುತ್ತದೆ. ಸತುವನ್ನೂ ಫ್ಯೂರಾ-2 ಬಿಗಿಯಾಗಿ ಹಿಡಿಯುವುದರಿಂದ ತಪ್ಪು ಓದಿಕೆ ಬರಬಹುದು. 1997ರಲ್ಲಿ ಚೆನ್ ಅವರ ತಂಡವು ಜೀವಕೋಶವೇ ತಯಾರಿಸಿಕೊಳ್ಳುವ ಪ್ರೋಟೀನ್ ಸೂಚಕಗಳನ್ನು ರೂಪಿಸಿತು. ಹಸುರು ಪ್ರತಿದೀಪ್ತ ಪ್ರೋಟೀನಿನ ಕಾರ್ಯಕ್ಕಾಗಿ 2008ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅವರು ಪಾಲು ಪಡೆದರು.

ಇವು ಪ್ರಯೋಗಶಾಲೆಯ ಸಾಧನಗಳು. ನಾವು ಮಾಡಿಸುವ ರಕ್ತಪರೀಕ್ಷೆ ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ತಿಳಿಸುತ್ತದೆಯೇ ಹೊರತು ಕೋಶದೊಳಗಿನದನ್ನಲ್ಲ. ಎಲುಬಿನ ಠೇವಣಿ ಕರಗುತ್ತಿದ್ದರೂ ರಕ್ತದ ಅಂಕಿ ಸರಿಯಾಗಿಯೇ ಇರಬಹುದು. ಆದುದರಿಂದ ವರದಿಯ ಒಂದು ಅಂಕಿಯನ್ನು ನೋಡಿ ನಾವೇ ಮಾತ್ರೆ ನುಂಗುವುದಾಗಲಿ, ನಿಲ್ಲಿಸುವುದಾಗಲಿ ಸಲ್ಲದು. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿದರೆ ಮೂತ್ರಪಿಂಡಕ್ಕೂ ಹೃದಯಕ್ಕೂ ಕೇಡು. ಜಮಾ-ಖರ್ಚಿನ ಈ ಸೂಕ್ಷ್ಮವನ್ನು ವೈದ್ಯರಿಂದಲೇ ತಿಳಿಯುವುದು ಕ್ಷೇಮ.